ಹತ್ತೋಕೆ ಟ್ಯೂನ್ ಇದೆ, ಇಳಿಯೋಕೆ?

ನಮ್ಮ ಸಕಲೇಶಪುರದ ಕಡೆ ಬೇಲಿ ಮಾತಿಗೂ ಒಂದು ಕ್ರಮ ಇದೆ. ಮೊದಲು ಮಳೆ, ಆಮೇಲೆ ಕಾಫಿ ರೇಟು, ಆಮೇಲೆ ಆನೆ. ಆನೆ ಯಾರ ತೋಟಕ್ಕೆ ನುಗ್ಗಿತು, ಎಷ್ಟು ಬಾಳೆ ಮುರಿಯಿತು ಅನ್ನುವುದು ಮುಗಿದ ಮೇಲೆ ಆಳು ಸಿಗದ ಗೋಳು. ಈಚೆಗೆ ಇವುಗಳ ನಡುವೆ ಹೊಸ ವಿಷಯವೊಂದು ನುಸುಳಿದೆ. ಅದರ ಹೆಸರು ರೀಮ್ಯಾಪು. ಮೊನ್ನೆ ಮೊನ್ನೆಯವರೆಗೆ ಗೊಬ್ಬರದ ಲೆಕ್ಕ ಹೇಳುತ್ತಿದ್ದವರೆಲ್ಲ ಈಗ ಸ್ಟೇಜ್ ಒಂದು, ಸ್ಟೇಜ್ ಎರಡು ಅನ್ನುತ್ತಾರೆ. ಜೀವನವೆಲ್ಲ ಬಸ್ ಡಿಪೋದಲ್ಲಿ ಡೀಸೆಲ್ ವಾಸನೆ ಕುಡಿದು ನಿವೃತ್ತನಾದ ನನಗೆ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಇನ್ನೇನು ಬೇಕು?

ಪಕ್ಕದ ತೋಟದ ಗೌಡರದ್ದು ಡೀಸೆಲ್ ಥಾರ್, ಗೇರ್ ಗಾಡಿ. ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲಿಗೆ ಬಿಡುವುದಕ್ಕೂ ಅದೇ, ಸಂತೆಗೂ ಅದೇ, ಮದುವೆಗೂ ಅದೇ. ಕೊಯ್ಲು ಬಂತೆಂದರೆ ಅದರ ಬಾಲಕ್ಕೆ ಟ್ರೇಲರ್ ಬೀಳುತ್ತದೆ. ಐವತ್ತು ಕೆಜಿಯ ಇಪ್ಪತ್ತು ಮೂಟೆ ಹೇರಿದರೆ ಅಲ್ಲಿಗೆ ಒಂದು ಟನ್ ಆಯಿತು. ಸಾಲದ್ದಕ್ಕೆ ಘಟ್ಟದ ಕೆಳಗೆ ಹೆಂಡತಿ ಕಡೆಯ ಅಡಿಕೆ ತೋಟ. ಆಗಾಗ ಶಿರಾಡಿ ಇಳಿದು, ತುಂಬಿದ ಟ್ರೇಲರ್ ಎಳೆದುಕೊಂಡು ಹತ್ತಬೇಕು.

"ಅಣ್ಣ, ಬೆಂಗಳೂರಲ್ಲಿ ಒಬ್ರು ಲ್ಯಾಪ್‌ಟಾಪ್ ಚುಚ್ಚಿ ಒಂದೇ ಗಂಟೇಲಿ ನಲವತ್ತು ಹಾರ್ಸ್‌ಪವರ್ ಜಾಸ್ತಿ ಮಾಡಿಕೊಡ್ತಾರಂತೆ. ಬಾನೆಟ್ ಕೂಡ ಎತ್ತಲ್ವಂತೆ" ಅಂದರು ಗೌಡರು, ಬೇಲಿಯ ಸಿಲ್ವರ್ ಮರಕ್ಕೆ ಒರಗಿಕೊಂಡು.

"ದುಡ್ಡೆಷ್ಟು ಗೌಡ್ರೆ?"

ಗೌಡರು ಆನೆಯ ವಿಷಯಕ್ಕೆ ಹೊರಳಿಬಿಟ್ಟರು. ಹಾಗಾದರೆ ಮಗನೇ ಕಟ್ಟುತ್ತಾನೆ ಅಂತ ಅರ್ಥವಾಯಿತು.

ನನ್ನ ಕಾಲದಲ್ಲಿ ಟ್ಯೂನಿಂಗ್ ಅಂದರೆ ಸ್ಕ್ರೂಡ್ರೈವರ್. ಡೀಸೆಲ್ ಪಂಪಿನ ಪಕ್ಕದಲ್ಲಿ ಫುಲ್‌ಲೋಡ್ ಸ್ಕ್ರೂ ಅಂತ ಒಂದಿರುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಷ್ಟು ಡೀಸೆಲ್ ಹೋಗಬೇಕು ಅನ್ನುವ ಕೊನೆಯ ಮಿತಿ ಅದು. ಅದನ್ನು ಯಾರೂ ಮುಟ್ಟಬಾರದೆಂದು ಸಣ್ಣ ತಂತಿ ಸುತ್ತಿ, ತುದಿಗೆ ಸೀಸದ ಸೀಲು ಒತ್ತಿ ಕಳಿಸುತ್ತಿದ್ದರು. ಲಾರಿಯವರು ಅದನ್ನು ಕಟ್ ಮಾಡಿ ಸ್ಕ್ರೂ ತಿರುಗಿಸುತ್ತಿದ್ದರು. ಗಾಡಿ ಎಳೆಯುತ್ತಿತ್ತು, ಹಿಂದೆ ಬರುವವನ ಮುಖ ಮಸಿಯಾಗುತ್ತಿತ್ತು. ಈಗ ಆ ಸ್ಕ್ರೂ ಇಸಿಯು ಅನ್ನುವ ಕಂಪ್ಯೂಟರ್ ಡಬ್ಬಿಯ ಒಳಗೆ ಹೋಗಿ ಕೂತಿದೆ. ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಎಷ್ಟು ಒತ್ತಡದಲ್ಲಿ, ಟರ್ಬೊ ಎಷ್ಟು ಗಾಳಿ ತುಂಬಬೇಕು, ಗೇರ್‌ಬಾಕ್ಸ್‌ಗೆ ಎಷ್ಟು ಟಾರ್ಕ್ ಬಿಡಬೇಕು, ಎಲ್ಲದಕ್ಕೂ ಒಂದೊಂದು ಕೋಷ್ಟಕ. ಆ ಕೋಷ್ಟಕದ ಅಂಕಿ ಬದಲಾಯಿಸುವುದೇ ರೀಮ್ಯಾಪು. ಸೀಲು ಒಡೆಯುವ ಕೆಲಸ ಅದೇ. ಕೈಗೆ ಗ್ರೀಸ್ ಮೆತ್ತುವುದಿಲ್ಲ, ಅಷ್ಟೆ.

ಶನಿವಾರ ಗೌಡರ ಮಗ ಬೆಂಗಳೂರಿನಿಂದ ಬಂದ. ಇಂಜಿನಿಯರು, ಆದರೆ ಸಾಫ್ಟ್‌ವೇರಿನದು. ಬೇಲಿಯಾಚೆಯಿಂದ ಫೋನು ಚಾಚಿ, ಇಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರದ ಗ್ರಾಫ್ ತೋರಿಸಿದ. ಎರಡು ಗೆರೆ. ಕೆಳಗಿನದು ಕಂಪನಿಯದು, ಮೇಲಿನದು ಕೆಂಪು, ಟ್ಯೂನ್ ಆದ ಮೇಲಿನದು.

"ನೋಡಿ ದೊಡ್ಡಪ್ಪ, ಕಂಪನಿಯವ್ರು ಸುಮ್ನೆ ಕಟ್ಟಿಹಾಕಿರ್ತಾರೆ. ಇದೇ 2.2 ಲೀಟರ್ ಎಂಹಾಕ್ ಇಂಜಿನ್ ಥಾರ್‌ನಲ್ಲಿ 132 ಪಿಎಸ್, ದೊಡ್ಡ ಸ್ಕಾರ್ಪಿಯೊ ಎನ್‌ನಲ್ಲಿ 175, ಎಕ್ಸ್‌ಯುವಿ 700ರಲ್ಲಿ 185. ಅವರೇ ಕೊಡ್ತಾರಂದ್ಮೇಲೆ ನಾವು ತಗೊಂಡ್ರೆ ತಪ್ಪೇನು?"

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಹೇಳಿದ. ಮಾರುತಿ ಸ್ವಿಫ್ಟ್‌ನಲ್ಲಿ ಬರುತ್ತಿದ್ದ ಫಿಯಟ್‌ನ 1.3 ಲೀಟರ್ ಡೀಸೆಲ್ ಇಂಜಿನ್ ನೆನಪಿದೆಯಲ್ಲ? ಸ್ವಿಫ್ಟ್‌ನಲ್ಲಿ ಅದು 75 ಪಿಎಸ್, ಸಿಯಾಜ್‌ನಲ್ಲಿ 90. ಆ ಹದಿನೈದು ಬರೀ ಕಂಪ್ಯೂಟರಿನಿಂದ ಬಂದದ್ದಲ್ಲ, ಟರ್ಬೊವೇ ಬೇರೆ. ಒಂದೇ ಹೆಸರಿನ ಇಂಜಿನ್ ಅಂದಮಾತ್ರಕ್ಕೆ ಒಳಗಿನ ಇಂಜೆಕ್ಟರ್, ಇಂಟರ್‌ಕೂಲರ್, ಕ್ಲಚ್ ಒಂದೇ ಅಂತ ಹೇಳಲಾಗದು. ಪಾರ್ಟ್ ನಂಬರ್ ಇಟ್ಟು ತಾಳೆ ನೋಡಬೇಕು.

ಇನ್ನೊಂದು ಲೆಕ್ಕ ಹೇಳಿದೆ. "ಮಗಾ, ಫಾರ್ಚುನರ್ 2.8 ಡೀಸೆಲ್ ನೋಡು. ಆಟೊಮ್ಯಾಟಿಕ್‌ಗೆ 500 ನ್ಯೂಟನ್ ಮೀಟರ್ ಟಾರ್ಕ್, ಗೇರ್ ಗಾಡಿಗೆ 420. ಇಂಜಿನ್ ಒಂದೇ, 204 ಪಿಎಸ್ಸೂ ಒಂದೇ. ಎಂಬತ್ತು ಯಾಕೆ ಕಟ್ ಮಾಡಿದ್ರು?"

"ಗೇರ್‌ಬಾಕ್ಸ್‌ಗಾ?"

"ಗೇರ್‌ಬಾಕ್ಸು, ಕ್ಲಚ್ಚು. ಟೊಯೋಟಾದವ್ರೇ ಹೆದರಿದ ಜಾಗಕ್ಕೆ ನೀನು ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗ್ತೀಯ?"

ಗೌಡರಿಗೆ ಈ ಮಾತು ಹಿಡಿಸಿತು. ಟೊಯೋಟಾ ಹೆದರಿತು ಅಂದರೆ ನಮ್ಮವರೂ ಧೈರ್ಯವಾಗಿ ಹೆದರಬಹುದು.

ಹಾಗಂತ ಟ್ಯೂನೇ ಬೇಡ ಅನ್ನುವ ಪೈಕಿ ನಾನಲ್ಲ. ಒಳ್ಳೆಯ ಕೈಯಲ್ಲಿ ಆದ ಮೃದುವಾದ ಟ್ಯೂನಿಂದ ಗಾಡಿ ಓಡಿಸುವ ಸುಖ ನಿಜಕ್ಕೂ ಹೆಚ್ಚುತ್ತದೆ. ತಕರಾರು ಬರುವುದು ಆಯ್ಕೆಯಲ್ಲಿ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹಾರ್ಸ್‌ಪವರ್ ಎಷ್ಟು ಜಾಸ್ತಿಯಾಗುತ್ತೆ? ಟ್ರೇಲರ್ ಎಳೆಯುವವನು ಕೇಳಬೇಕಾದ ಪ್ರಶ್ನೆ ಅದಲ್ಲ. ಥಾರ್‌ನ 132 ಪಿಎಸ್ ಬರುವುದು ಇಂಜಿನ್ ನಿಮಿಷಕ್ಕೆ 3750 ಸುತ್ತು ತಿರುಗಿದಾಗ. ಟ್ರೇಲರ್ ಕಟ್ಟಿಕೊಂಡು ಮಾರನಹಳ್ಳಿ ಕಡೆಯಿಂದ ಹತ್ತುವ ಗೌಡರು ಆ ಕಡೆ ಹೋಗುವುದೇ ಇಲ್ಲ. ಅವರು ಇರುವುದು 1800ರ ಆಸುಪಾಸು. ಅಲ್ಲಿ ಕಂಪನಿಯ 300 ನ್ಯೂಟನ್ ಮೀಟರ್ ಅಂದರೆ ಲೆಕ್ಕಕ್ಕೆ ಸುಮಾರು 77 ಪಿಎಸ್. ಅವರ ಕೆಲಸವೆಲ್ಲ ಈ 77ರಲ್ಲಿ ನಡೆಯುವುದು. ಹುಡುಗನ ಗ್ರಾಫ್‌ನಲ್ಲಿ ಕೆಂಪು ಗೆರೆ ಎಲ್ಲಿ ಚೆನ್ನಾಗಿ ಮೇಲೆ ಹೋಗಿತ್ತು ಅಂದರೆ 3000ದ ನಂತರ. ಅದು ಬೆಂಗಳೂರಿನ ನೈಸ್ ರಸ್ತೆಯಲ್ಲಿ ಓವರ್‌ಟೇಕ್ ಮಾಡುವವನ ಟ್ಯೂನು, ಮೂಟೆ ಎಳೆಯುವವನದಲ್ಲ.

"ಹಂಗಾದ್ರೆ ಕೆಳಗಡೇನೇ ಜಾಸ್ತಿ ಟಾರ್ಕ್ ಕೊಡೋ ಟ್ಯೂನ್ ಮಾಡಿಸ್ತೀನಿ ದೊಡ್ಡಪ್ಪ."

ಅದಕ್ಕೂ ಒಂದು ಮಿತಿ ಇದೆ. ಕಡಿಮೆ ಸುತ್ತಿನಲ್ಲಿ ಇದ್ದಕ್ಕಿದ್ದಂತೆ ಟಾರ್ಕ್ ಸುರಿದರೆ ಮೊದಲು ಕೂಗುವುದು ಕ್ಲಚ್. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತುತ್ತೀರಿ, ಆರ್‌ಪಿಎಮ್ ಮುಳ್ಳು ಮೇಲೆ ಹೋಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ, ಕ್ಯಾಬಿನ್ನಿಗೆ ಸುಟ್ಟ ವಾಸನೆ ನುಗ್ಗುತ್ತದೆ. ಕ್ಲಚ್ ಆದ ಮೇಲೆ ಫ್ಲೈವೀಲ್, ಆಮೇಲೆ ಕನೆಕ್ಟಿಂಗ್ ರಾಡ್. ಹಾಗಾಗಿ ಎಳೆಯುವ ಟ್ಯೂನ್ ಅಂದರೆ 1500ರಿಂದ 2800ರ ತನಕ ಗೆರೆ ಸಮತಟ್ಟಾಗಿ, ಕಂಪನಿಯದ್ದಕ್ಕಿಂತ ಸ್ವಲ್ಪವೇ ಮೇಲೆ ಹೋಗಬೇಕು. ಶಿಖರ ಇರಬಾರದು, ಹಾಸು ಇರಬೇಕು. ಹೇಳಿಕೊಳ್ಳಲು ಚೆಂದವಿಲ್ಲ, ಆದರೆ ಗಾಡಿ ಬಾಳುತ್ತದೆ.

ಮತ್ತೆ ಶಾಖದ ಮಾತು. ಇದೇ ನನ್ನ ಮುಖ್ಯ ತಕರಾರು. ಪೆಟ್ರೋಲ್ ಇಂಜಿನ್ನಿಗೆ ಇಂಧನ ಸ್ವಲ್ಪ ಹೆಚ್ಚಾದರೆ ಒಳಗೆ ತಣ್ಣಗಾಗುತ್ತದೆ. ಡೀಸೆಲ್ಲಿನದು ಉಲ್ಟಾ. ಡೀಸೆಲ್ ಹೆಚ್ಚಿ, ಅದಕ್ಕೆ ತಕ್ಕ ಗಾಳಿ ಇಲ್ಲದಿದ್ದರೆ ಕಪ್ಪು ಹೊಗೆ, ಹೊಗೆಯ ಜೊತೆ ವಿಪರೀತ ಶಾಖ. ಸಿಲಿಂಡರಿನಿಂದ ಹೊರಬರುವ ಹೊಗೆಯ ಉಷ್ಣಾಂಶ ಹೊತ್ತುಗಟ್ಟಲೆ 700 ಡಿಗ್ರಿ ದಾಟಿ ನಿಂತರೆ ಪಿಸ್ಟನ್ ತಲೆ, ಟರ್ಬೊ ಚಕ್ರ, ಹೆಡ್ ಗ್ಯಾಸ್ಕೆಟ್ ಎಲ್ಲಕ್ಕೂ ಗಂಡಾಂತರ. ಡೈನೊ ಮೇಲೆ ಗಾಡಿ ಪೂರ್ತಿ ಒತ್ತಡದಲ್ಲಿ ಇರುವುದು ಕೆಲವೇ ಸೆಕೆಂಡು. ಓವರ್‌ಟೇಕ್‌ನಲ್ಲೂ ಅಷ್ಟೇ. ಒಂದು ಟನ್ ಕಟ್ಟಿಕೊಂಡು ಘಟ್ಟದ ಬುಡದ ಗುಂಡ್ಯದಿಂದ ಸಕಲೇಶಪುರಕ್ಕೆ ಹತ್ತುವಾಗ ಅದೇ ಒತ್ತಡ ಇಪ್ಪತ್ತು ಮೂವತ್ತು ನಿಮಿಷ ಬಿಡದೆ ಇರುತ್ತದೆ. ದೀಪದ ಮೇಲೆ ಬೆರಳು ಆಡಿಸುವುದಕ್ಕೂ ಬೆರಳು ಹಿಡಿಯುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಅದೇ ಟ್ಯೂನ್ ದಿನದ ಓಡಾಟಕ್ಕೆ ಏನೂ ಮಾಡದಿರಬಹುದು, ಟ್ರೇಲರ್ ಕಟ್ಟಿದ ದಿನ ಇಂಜಿನ್ ಬಿಚ್ಚಿಸಬಹುದು. ಟ್ಯೂನ್ ಮಾಡಿಸುವವರು ಮೊದಲು ಎಕ್ಸಾಸ್ಟ್ ಶಾಖ ತೋರಿಸುವ ಗೇಜೊಂದನ್ನು ಹಾಕಿಸಿಕೊಳ್ಳಲಿ. ಡ್ಯಾಶ್‌ಬೋರ್ಡ್‌ನಲ್ಲಿರುವ ಟೆಂಪರೇಚರ್ ಮುಳ್ಳು ಹೇಳುವುದು ನೀರಿನ ಕತೆ. ಅದು ಏಳುವ ಹೊತ್ತಿಗೆ ಒಳಗೆ ಆಗಬೇಕಾದದ್ದು ಆಗಿರುತ್ತದೆ.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಪೆಡಲ್ ಬಾಕ್ಸ್. ಇದು ಶಕ್ತಿ ಒಂದು ಗುಲಗಂಜಿಯಷ್ಟೂ ಹೆಚ್ಚಿಸುವುದಿಲ್ಲ. ಅರ್ಧ ಒತ್ತಿದರೆ ಮುಕ್ಕಾಲು ಒತ್ತಿದ ಹಾಗೆ ಇಂಜಿನ್ನಿಗೆ ಹೇಳುತ್ತದೆ. ಗಾಡಿ ಚುರುಕಾಯಿತು ಅಂತ ಅನಿಸುತ್ತದೆ. ನಿಜ ಹೇಳಬೇಕೆಂದರೆ, ದಿನಾ ಓಡಾಡುವ ಎಷ್ಟೋ ಜನರಿಗೆ ಬೇಕಾಗಿರುವುದು ಇಷ್ಟೇ. ಎರಡನೆಯದು ಟ್ಯೂನಿಂಗ್ ಬಾಕ್ಸ್. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್ ಕೊಳವೆಯ ಸೆನ್ಸರ್ ವೈರಿನ ನಡುವೆ ಕೂತು, ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಅಂತ ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ. ಸರ್ವಿಸಿಗೆ ಹೋಗುವ ಮುಂಚೆ ಬಿಚ್ಚಿಡಬಹುದು ಅನ್ನುವುದೇ ಇದರ ದೊಡ್ಡ ಗುಣ. ಆದರೆ ಪಂಪು, ಇಂಜೆಕ್ಟರ್ ಎಷ್ಟು ಒತ್ತಡದಲ್ಲಿವೆ ಅಂತ ಗಾಡಿಗೇ ಗೊತ್ತಿರುವುದಿಲ್ಲ. ಎಳೆಯುವ ಗಾಡಿಗೆ ಇದನ್ನು ನಾನು ಹಾಕಿಸುವುದಿಲ್ಲ. ಮೂರನೆಯದು ನಿಜವಾದ ರೀಮ್ಯಾಪು, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿನ ಮೂಲಕ ಕೋಷ್ಟಕವನ್ನೇ ತಿದ್ದುವುದು. ಕೈ ಪಳಗಿದವನು ಮಾಡಿದರೆ ಇದೇ ಉತ್ತಮ, ಪಳಗದವನು ಮಾಡಿದರೆ ಇದರಷ್ಟು ಕೆಟ್ಟದ್ದಿಲ್ಲ.

"ಪಳಗಿದವ್ನು ಅಂತ ಗುರುತು ಹಿಡಿಯೋದು ಹೆಂಗಣ್ಣ?" ಗೌಡರ ಪ್ರಶ್ನೆ.

ಮೊದಲು ಅವನು ಪ್ರಶ್ನೆ ಕೇಳುತ್ತಾನಾ ನೋಡಿ. ಗಾಡಿ ಎಷ್ಟು ಓಡಿದೆ, ಏನು ಎಳೆಯುತ್ತೀರಿ, ಎಷ್ಟು ತೂಕ, ಎಲ್ಲಿ ಡೀಸೆಲ್ ಹಾಕಿಸುತ್ತೀರಿ, ಕ್ಲಚ್ ಯಾವಾಗ ಹಾಕಿಸಿದಿರಿ ಅಂತ ವಿಚಾರಿಸಿದರೆ ಅವನು ಕಸುಬುದಾರ. ಬಂದ ಕೂಡಲೇ ಕೇಬಲ್ ಚುಚ್ಚಿ, ಯಾರದೋ ಗಾಡಿಯ ಫೈಲನ್ನು ನಿಮ್ಮ ಗಾಡಿಗೆ ತುಂಬುವವನು ಅಂಗಡಿಯವನು. ಕಂಪನಿಯ ಮೂಲ ಫೈಲನ್ನು ತೆಗೆದಿಟ್ಟು ನಿಮ್ಮ ಕೈಗೂ ಒಂದು ಪ್ರತಿ ಕೊಡಬೇಕು. ಟ್ಯೂನಿಗೆ ಮುಂಚೆ, ಟ್ಯೂನಿನ ನಂತರ ಎರಡೂ ಸಲ ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ಅಂಕಿ ದಾಖಲಿಸಬೇಕು. ಹೊಗೆಯ ಮಿತಿ, ಟಾರ್ಕಿನ ಮಿತಿ, ಇಂಜಿನ್ ಬಿಸಿಯಾದಾಗ ತಾನೇ ಶಕ್ತಿ ಇಳಿಸಿಕೊಳ್ಳುವ ವ್ಯವಸ್ಥೆ, ಇವನ್ನೆಲ್ಲ ಹಾಗೇ ಬಿಟ್ಟಿದ್ದೀಯಾ ಅಂತ ಕೇಳಿ. "ಅದೆಲ್ಲ ತೆಗೆದುಬಿಡ್ತೀವಿ ಸಾರ್, ಫ್ರೀ ಆಗುತ್ತೆ" ಅಂದರೆ ಬೀಗದಕೈ ವಾಪಸ್ ಇಸಕೊಂಡು ಬನ್ನಿ.

ಮೈಲೇಜ್ ಹೆಚ್ಚುತ್ತದೆ ಅಂತಲೂ ಹೇಳುತ್ತಾರೆ. ಡಿಪೋದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕವನ್ನೇ ಉಂಡು ಮಲಗಿದವನು ನಾನು. ಒಂದೇ ಬಸ್ಸು ಒಬ್ಬ ಡ್ರೈವರ್ ಕೈಯಲ್ಲಿ ಒಂದು ಲೆಕ್ಕ ಕೊಟ್ಟರೆ ಇನ್ನೊಬ್ಬನ ಕೈಯಲ್ಲಿ ಇನ್ನೊಂದು ಕೊಡುತ್ತಿತ್ತು. ಹೊಸ ಶಕ್ತಿ ಬಂದ ಮೇಲೆ ಕಾಲು ಸುಮ್ಮನಿದ್ದರೆ ಮೈಲೇಜ್ ಸ್ವಲ್ಪ ಬರಬಹುದು. ದುಡ್ಡು ಕೊಟ್ಟು ಶಕ್ತಿ ಕೊಂಡವನ ಕಾಲು ಸುಮ್ಮನಿದ್ದದ್ದನ್ನು ನಾನಂತೂ ಕಂಡಿಲ್ಲ.

ಬಿಎಸ್6 ಗಾಡಿಗಳದು ಬೇರೆಯೇ ಫಜೀತಿ. 2020ರ ಏಪ್ರಿಲ್‌ನಿಂದ ಬಂದ ಈ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಮಸಿ ತುಂಬಿದಾಗ ಗಾಡಿ ತಾನೇ ಬಿಸಿ ಏರಿಸಿ ಅದನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಒಂದಷ್ಟು ದೂರ ನಿಲ್ಲದೆ ಓಡಬೇಕು. ಸ್ಕೂಲಿಗೆ ಹೋಗಿ ಬರುವ ಓಡಾಟದಲ್ಲಿ ಅದು ಅರ್ಧಕ್ಕೆ ನಿಲ್ಲುತ್ತದೆ. ಹೊಗೆ ಹೆಚ್ಚಿಸುವ ಟ್ಯೂನ್ ಹಾಕಿದರೆ ಇನ್ನೂ ಬೇಗ ತುಂಬುತ್ತದೆ, ಹಳದಿ ದೀಪ ಹತ್ತುತ್ತದೆ. ಆಗ ಅದೇ ಅಂಗಡಿಯವನು "ಫಿಲ್ಟರೇ ಕಿತ್ತುಬಿಡೋಣ" ಅನ್ನುತ್ತಾನೆ. ಅಮೆರಿಕದಲ್ಲಿ ಇದು ಎಷ್ಟು ಕೈಮೀರಿತ್ತು ಅಂದರೆ, ಹತ್ತು ವರ್ಷದ ಅವಧಿಯಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಕಿತ್ತುಹಾಕಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ 2020ರಲ್ಲಿ ಅಂದಾಜು ಮಾಡಿತು. ಆ ಮಸಿ ಕುಡಿಯುವವರು ಹಿಂದೆ ಬರುವ ಸ್ಕೂಟರಿನವರು, ರಸ್ತೆ ಬದಿ ನಡೆಯುವ ಮಕ್ಕಳು. ಸ್ಕೂಲಿಗೆ ಬಿಡುವ ಗಾಡಿಯಲ್ಲೇ ಈ ಕೆಲಸ ಬೇಡ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಟ್ರೇಲರಿಗೂ ನೋಂದಣಿ ಬೇಕು, ಕಾಯ್ದೆಯ 61ನೇ ಕಲಂ ಅದನ್ನೇ ಹೇಳುತ್ತದೆ. ರಸ್ತೆಯಲ್ಲಿ ಪೊಲೀಸಿನವರು ಲ್ಯಾಪ್‌ಟಾಪ್ ಚುಚ್ಚಿ ನೋಡುವುದಿಲ್ಲ, ನಿಜ. ಆದರೆ ಅಪಘಾತವಾದ ದಿನ ಇನ್ಶೂರೆನ್ಸ್ ಸರ್ವೇಯರ್ ಬರುತ್ತಾನೆ, ಅವನ ಕೆಲಸವೇ ಕ್ಲೇಮಿನಲ್ಲಿ ತೂತು ಹುಡುಕುವುದು.

ಇಷ್ಟೆಲ್ಲ ಕೇಳಿ ಹುಡುಗ, "ದೊಡ್ಡಪ್ಪ, ಅಮೆರಿಕದವ್ರು ದೋಣಿ, ಮನೆ ಎಲ್ಲ ಕಟ್ಟಿಕೊಂಡು ಎಳೀತಾರಲ್ಲ, ಅವ್ರ ಗಾಡಿಗೆ ಏನೂ ಆಗಲ್ವಾ?" ಅಂದ.

ಒಳ್ಳೆಯ ಪ್ರಶ್ನೆ. ಎಳೆಯುವ ವಿದ್ಯೆಯಲ್ಲಿ ಅವರು ಪಳಗಿದವರು. ಈ ಪಿಕಪ್ ಇಷ್ಟು ಎಳೆಯುತ್ತದೆ ಅಂತ ಹೇಳಬೇಕಾದರೆ ಅಲ್ಲಿ ಜೆ2807 ಅಂತ ಒಂದು ಮಾನದಂಡ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಸುಮಾರು 18 ಕಿಲೋಮೀಟರ್ ಏರು ಅದರ ಪರೀಕ್ಷೆ. ಹೊರಗೆ 38 ಡಿಗ್ರಿ ಸುಡುಬಿಸಿಲು, ಒಳಗೆ ಏಸಿ ಪೂರ್ತಿ, ಹಿಂದೆ ತುಂಬಿದ ಟ್ರೇಲರ್. ವೇಗ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿಯಬಾರದು, ಇಂಜಿನ್ ಕೆಡಬಾರದು. ಅಲ್ಲಿನ ಕಂಪನಿಗಳು ಗಾಡಿಯಲ್ಲೇ ಟೋ-ಹಾಲ್ ಅನ್ನುವ ಬಟನ್ ಕೊಡುತ್ತವೆ. ಅದನ್ನು ಒತ್ತಿದರೆ ಶಕ್ತಿ ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ ಬಹಳ ಜನ. ಅದು ಮಾಡುವುದು ಗೇರಿನ ಕೆಲಸ. ಏರಿನಲ್ಲಿ ಗೇರನ್ನು ಬೇಗ ಮೇಲಕ್ಕೆ ಹೋಗಲು ಬಿಡುವುದಿಲ್ಲ, ಇಳಿಜಾರಿನಲ್ಲಿ ತಾನೇ ಗೇರ್ ಇಳಿಸಿ ಇಂಜಿನ್ನಿನಿಂದಲೇ ಗಾಡಿ ಹಿಡಿಯುತ್ತದೆ. ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ, ಹೊಗೆಯ ದಾರಿ ತಡೆದು ಗಾಡಿ ಹಿಡಿಯುವ ಎಕ್ಸಾಸ್ಟ್ ಬ್ರೇಕೂ ಇರುತ್ತದೆ. ಹತ್ತುವುದಕ್ಕೆ ಕೊಟ್ಟಷ್ಟೇ ಲಕ್ಷ್ಯವನ್ನು ಅವರು ಇಳಿಯುವುದಕ್ಕೂ ಕೊಟ್ಟಿದ್ದಾರೆ.

ನಮ್ಮ ಹುಡುಗರು ಮರೆಯುವುದು ಇದನ್ನೇ. ಹತ್ತೋಕೆ ಟ್ಯೂನ್ ಮಾರುವವರು ಬೀದಿಗೊಬ್ಬರು, ಇಳಿಯೋಕೆ ಟ್ಯೂನ್ ಮಾರುವವರು ಯಾರೂ ಇಲ್ಲ. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿ. ಗಾಡಿ, ಟ್ರೇಲರ್ ಸೇರಿ ಮೂರು ಟನ್ ಹತ್ತಿರದ ಭಾರವನ್ನು ಘಟ್ಟದ ಬುಡದಿಂದ ಮೇಲೆ ತರಲು ಇಂಜಿನ್ ಎಷ್ಟು ದುಡಿಯುತ್ತದೋ, ಕೆಳಗೆ ಇಳಿಸುವಾಗ ಅಷ್ಟನ್ನೂ ಯಾರಾದರೂ ಹಿಡಿಯಲೇಬೇಕು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿನಂತೆ ಗಾಳಿ ತಡೆಯುವ ಥ್ರಾಟಲ್ ಹಿಡಿತ ಇಲ್ಲದ್ದರಿಂದ ಕಾಲು ತೆಗೆದಾಗ ಹಿಡಿಯುವ ಶಕ್ತಿ ಕಡಿಮೆ. ಲಾರಿ ಬಸ್ಸಿಗೆಲ್ಲ ಎಕ್ಸಾಸ್ಟ್ ಬ್ರೇಕ್ ಕೊಡುವುದು ಅದಕ್ಕೇ. ನಮ್ಮ ಥಾರ್ ಟ್ರೇಲರಿನಲ್ಲಿ ಉಳಿಯುವುದು ನಾಲ್ಕು ಚಕ್ರದ ಬ್ರೇಕು. ಅದು ಕಾದು ಕೈಕೊಟ್ಟರೆ ಗ್ರಾಫಿನ ಕೆಂಪು ಗೆರೆ ಉಪಯೋಗಕ್ಕೆ ಬರುವುದಿಲ್ಲ.

"ಹಂಗಾದ್ರೆ ಏನ್ ಮಾಡಣ ಹೇಳಣ್ಣ, ಮಾಡ್ಸಣೋ ಬ್ಯಾಡ್ವೋ?" ಗೌಡರಿಗೆ ತೀರ್ಪು ಬೇಕು. ತೋಟದವರಿಗೆ ಹರಟೆಯಲ್ಲೂ ಫಸಲು ಬರಬೇಕು.

ನನ್ನ ತೀರ್ಪು ಇದು. ವಾರಂಟಿಯಲ್ಲಿರುವ ಗಾಡಿಯನ್ನು ಮುಟ್ಟಬೇಡಿ. ವಾರಂಟಿ ಮುಗಿದಿದ್ದರೂ ಮೊದಲ ದುಡ್ಡು ಹೋಗಬೇಕಾದದ್ದು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು, ಟಯರು, ಟ್ರೇಲರಿನ ಕೊಂಡಿ ಮತ್ತು ಸರಪಳಿಗೆ. ಎರಡನೆಯದು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಇಂಟರ್‌ಕೂಲರ್ ಪೈಪು. ಗಾಡಿ ಎಳೆಯುತ್ತಿಲ್ಲ ಅನ್ನುವವರಲ್ಲಿ ಅರ್ಧ ಜನರ ಕಾಯಿಲೆ ಇಲ್ಲಿಯೇ ವಾಸಿಯಾಗುತ್ತದೆ. ಆಮೇಲೆ ಮೂಟೆ ಕಡಿಮೆ ಮಾಡಿ ಇನ್ನೊಂದು ಟ್ರಿಪ್ ಹೊಡೆಯಿರಿ, ಮೂರನೇ ಗೇರಿನಲ್ಲಿ ಹತ್ತಿ, ಅದೇ ಗೇರಿನಲ್ಲಿ ಇಳಿಯಿರಿ. ಇಷ್ಟಾದ ಮೇಲೂ ಆಸೆ ತೀರದಿದ್ದರೆ, ಕಾನೂನಿನ ಹೊಣೆ ನಿಮ್ಮದೇ ಅಂತ ತಿಳಿದು, ಮಾರುವವನ ಪಟ್ಟಿಯಲ್ಲಿರುವ ಅತ್ಯಂತ ಸಪ್ಪೆ ಟ್ಯೂನನ್ನು ಆರಿಸಿ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಗಾಡಿಗೆ ಸಪ್ಪೆಯೇ ರುಚಿ.